ಹೊಳಿ ದಾಟುವ ಕಬ್ಬು

ಜಮಖಂಡಿ ಸೀಮಿಯ ಕೃಷ್ಣಾ ನಡುಗಡ್ಡೆಗಳ ಕಬ್ಬು ಕಾರ್ಖಾನೆಗೆ ಹೋಗಬೇಕಂದ್ರ ಮೊದಲು ಹೊಳಿ ದಾಟಬೇಕು. ಕಡಿದ ಕಬ್ಬು ದಂಡ್ಯಾಗ ಒಂದು ದಿನ ನಿಂತರೂ ತೂಕ ಇಳೀತದ, ಹಂಗಾಗಿ ಎಲ್ಲಾರಿಗೂ ಅವಸರ. ಅವಸರದಾಗನ ಲೆಕ್ಕ ತಪ್ಪೋದು.

ಲೆಕ್ಕ ಸರಳ. 10 ಮೀಟರ್ ಉದ್ದ, 4 ಮೀಟರ್ ಅಗಲದ ಸಪಾಟು ತಳದ ಬಾರ್ಜು (ಭಾರ ಸಾಗಿಸೋ ದೋಣಿ) ಒಂದು ಟನ್ನಿಗೆ ಎರಡೂವರೆ ಸೆಂಟಿಮೀಟರ್ ಮುಳುಗ್ತದ. 12 ಟನ್ನಿನ ಟ್ರೇಲರ್ ಏರಿದ್ರ ಸುಮಾರು ಒಂದು ಅಡಿ. ಅದು ಸಮ ಕುಂತಾಗಿನ ಮಾತು. ಏರಿಸುವಾಗ ಇಡೀ ಭಾರ ಒಂದೇ ತುದಿಗೆ ಬೀಳ್ತದ, ಆ ತುದಿ ತಗ್ಗಿ ಹಿಂದಿಂದು ಮ್ಯಾಲ ಏಳ್ತದ. ಅದಕ್ಕ ಎರಡೂ ಬಾಜು ಹಗ್ಗ ಬಿಗಿದು, ಮುಂದಿನ ತುದಿ ದಂಡಿ ಮಣ್ಣಿಗೆ ಊರಿಸಿನ ಏರಿಸಬೇಕು. ಏರಿದ ಮ್ಯಾಲ ಗಾಲಿಗೆ ಎರಡೂ ಕಡೆ ಕಲ್ಲು ಕೊಡಬೇಕು.

ಬಾರ್ಜಿನ ಒಳಗ ತಳದಾಗ ನಿಂತ ನೀರನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಬಾರ್ಜು ಚೂರು ವಾಲಿದ್ರ ಆ ನೀರೂ ಅದೇ ಕಡೆ ಹರಿದು ಇನ್ನಷ್ಟು ವಾಲಿಸ್ತದ. ಮ್ಯಾಲ ಎತ್ತರಕ್ಕ ಒಟ್ಟಿದ ಕಬ್ಬಿಗೆ ಅಡ್ಡಗಾಳಿ ಬಡಿದ್ರಂತೂ ಕೇಳೂದ ಬ್ಯಾಡ. ಎರಡು ಖೇಪು ಹೆಚ್ಚಾದರೂ ಅಡ್ಡಿಯಿಲ್ಲ, ಪೇರು ತಗ್ಗಿರಲಿ.

ಸಾಗಣೆ ಖರ್ಚು ಅಂದ್ರ ಎಲ್ಲಾರೂ ರಸ್ತೆಯ ಕಿಲೋಮೀಟರ್ ಎಣಿಸ್ತಾರ. ನೀರಿನ ಮ್ಯಾಲಿನ ಆ ಒಂದಷ್ಟು ಮಾರು ದೂರಕ್ಕ ದರ ಕಟ್ಟೋರು ಯಾರು?

ಇಲ್ಲಿ ಹೊಳಿಯಾಗ ನಿಲ್ಲೋದು ಆಲಮಟ್ಟಿ ಜಲಾಶಯದ ಹಿನ್ನೀರು; ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಬ್ಯಾಸಗಿ ಹತ್ರ ಬಂದಂಗ ಹಿನ್ನೀರು ಸರಿದು ದಂಡಿ ಕೆಸರಾಗ್ತದ. ಏರಿಸೋ ಜಾಗ ಬದಲಿಸುವಾಗ ಮೊದಲು ಕೋಲು ಹಾಕಿ ಆಳ ನೋಡ್ರಿ, ಖಾಲಿ ಟ್ರ್ಯಾಕ್ಟರ್ ಆಮ್ಯಾಲ ಇಳಿಸ್ರಿ.