ಕರೆಯುವ ಹಾಡು, ಸಾಕೆನ್ನುವ ಮಳೆ

ಉಡುಪಿಯಲ್ಲಿ ಓದಿದವರಿಗೆ ಜೂನ್ ತಿಂಗಳ ತರಗತಿ ಹೇಗಿರುತ್ತಿತ್ತೆಂದು ಹೇಳಬೇಕಾಗಿಲ್ಲ. ಮೇಷ್ಟ್ರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. 1996ರಲ್ಲಿ ನಾನು ಬಿ.ಎ.ಗೆ ಸೇರಿದಾಗ ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದವನು ಗದಗ ಕಡೆಯ ಹುಡುಗ. ಮೊದಲ ವಾರ ಅವನು ಮಳೆ ನೋಡುತ್ತಾ ಕಿಟಕಿಯಲ್ಲೇ ಕೂತಿದ್ದ. ಎರಡನೇ ವಾರ ಅವನ ಒಗೆದ ಬಟ್ಟೆಯೂ ಒಣಗಲಿಲ್ಲ, ಆ ಬೆರಗೂ ಉಳಿಯಲಿಲ್ಲ.

ಕೋಣೆಯ ಹೆಂಚು ಎರಡು ಕಡೆ ಸೋರುತ್ತಿತ್ತು. ಕೆಳಗೆ ಬಕೆಟ್ ಇಟ್ಟು ನಾವೆಲ್ಲ ಒಟ್ಟಾಗಿ ‘ಸೋರುತಿಹುದು ಮನೆಯ ಮಾಳಿಗೆ’ ಹಾಡುವುದು ವಾಡಿಕೆ. ಒಮ್ಮೆ ಅವನು ರೇಗಿದ. ‘ಮಾಳಗಿ ಅಂದ್ರ ನಿಮ್ಮ ಉಪ್ಪರಿಗಿ ಅಲ್ಲೋ ಮಾರಾಯಾ!’ ಮಾರಾಯ ಎನ್ನುವುದನ್ನು ಅಷ್ಟರಲ್ಲಿ ನಮ್ಮಿಂದ ಕಲಿತಿದ್ದ. ಅವರ ಕಡೆ ಮಾಳಿಗೆ ಎಂದರೆ ತೊಲೆ ಜಂತಿಯ ಮೇಲೆ ಮಣ್ಣು ಹಾಸಿದ ಸಪಾಟು ಚಾವಣಿ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಿರುಕು ಮುಚ್ಚದಿದ್ದರೆ ಮನೆಯೊಳಗೇ ಕೆಸರು. ಶರೀಫರು ಸೋರುವ ಮನೆಯ ನೆಪದಲ್ಲಿ ದೇಹದ ಮಾತಾಡಿದ್ದಾರೆಂದು ಪಾಠದಲ್ಲಿ ಕೇಳಿದ್ದೆವು ನಿಜ. ಆದರೆ ‘ಅಜ್ಞಾನದಿಂದ’ ಎಂಬ ಮಾತಿನ ಹಿಂದೆ ಮಣ್ಣು ಮೆತ್ತಲು ಮರೆತ ಒಬ್ಬ ಸೋಮಾರಿ ಯಜಮಾನನೂ ಇದ್ದಾನೆಂದು ನನಗೆ ಹೊಳೆದದ್ದು ಆ ರಾತ್ರಿ.

1997ರಲ್ಲಿ ‘ಅಮೃತವರ್ಷಿಣಿ’ ಬಂತು. ‘ತುಂತುರು’ ಹಾಡಿನ ಕ್ಯಾಸೆಟ್ ಸವೆದು ಎಳೆಯುವವರೆಗೂ ಕೇಳಿದೆವು. ಹಾಡು ಚೆಂದ, ಆದರೆ ಇಲ್ಲಿ ತುಂತುರು ಎಲ್ಲುಂಟು? ಸುರಿದರೆ ಜಡಿ, ಇಲ್ಲದಿದ್ದರೆ ಸೆಕೆ. ಕರೆಂಟು ಹೋದರೆ ಬ್ಯಾಟರಿ ರೇಡಿಯೋ. ಮಂಗಳೂರು ಆಕಾಶವಾಣಿಯ ಪ್ರಸಾರ ಕೇಂದ್ರ ಇಲ್ಲೇ ಬ್ರಹ್ಮಾವರದಲ್ಲಿದ್ದರೂ ಗುಡುಗು ಬಂದಾಗ ಹಾಡಿಗಿಂತ ಚರಚರ ಶಬ್ದವೇ ಹೆಚ್ಚು.

ಅವನ ಸ್ವಂತ ಹಾಡು ಗುರ್ಜಿಯದು. ಮಳೆ ಬಾರದಿದ್ದರೆ ರೊಟ್ಟಿ ಸುಡುವ ಹಂಚಿನ ಮೇಲೆ ಸಗಣಿಯ ಗುರ್ಜಿ ಗೊಂಬೆ ಮಾಡಿ, ಗರಿಕೆ ಸಿಕ್ಕಿಸಿ, ಹುಡುಗನೊಬ್ಬನ ತಲೆಯ ಮೇಲಿಟ್ಟು ಮನೆಮನೆಗೆ ಹೋಗುತ್ತಾರೆ. ಹೆಂಗಸರು ಅದರ ಮೇಲೆ ನೀರು ಸುರಿದು ಜೋಳ ಕೊಡುತ್ತಾರೆ. ಚಿಕ್ಕವನಿದ್ದಾಗ ಇವನೇ ಹೊತ್ತಿದ್ದನಂತೆ. ‘ಸುರಿ ಸುರಿಯೋ ಮಳೆರಾಯ’ ಎಂದು ಅವನು ಹಾಡಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಅವನು ನಗಲಿಲ್ಲ. ಆ ನಗುವಿನ ಬಗ್ಗೆ ನನಗೆ ಇಂದಿಗೂ ಸ್ವಲ್ಪ ನಾಚಿಕೆಯಿದೆ.

ತುಳುವರ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಅವನನ್ನು ಕಾಪು ಕಡೆಯ ನಮ್ಮ ಮನೆಗೆ ಕರೆದೊಯ್ದೆ. ಅಮ್ಮ ಪತ್ರೊಡೆ ಮಾಡಿದ್ದರು. ಭತ್ತದ ನೇಜಿ ನೆಡುವ ಕೆಲಸ ಆಗಲೇ ಮುಗಿದಿತ್ತು, ಆದರೂ ಅವನು ಕೇಳಿದನೆಂದು ಅಮ್ಮ ಗದ್ದೆಯಲ್ಲಿ ಹಾಡುವ ಕಬಿತವೊಂದನ್ನು ಅಡುಗೆಮನೆಯಲ್ಲೇ ಹಾಡಿದರು. ಅವರು ಒಂದು ಸಾಲು ಹೇಳಿದರೆ ಪಕ್ಕದ ಮನೆಯ ಅಕ್ಕ ‘ಓ ಬೇಲೆ’ ಎಂದು ಎತ್ತಿಕೊಳ್ಳುತ್ತಿದ್ದರು. ತುಳುವಿನ ಒಂದಕ್ಷರ ತಿಳಿಯದ ಇವನು ನೋಟ್‌ಬುಕ್ ತೆಗೆದು ಬರೆದುಕೊಂಡ. ಬದಲಿಗೆ ಅವನು ಗುರ್ಜಿ ಹಾಡು ಶುರುಮಾಡಿದ. ಅರ್ಥ ತಿಳಿದದ್ದೇ ತಡ, ಅಮ್ಮ ಸೌಟು ಎತ್ತಿ, ‘ಸಾಕು ಮಗಾ, ಇನ್ನು ಕರೆಯಬೇಡ, ಬಾವಿ ತುಂಬಿ ಚೆಲ್ಲುತ್ತಾ ಉಂಟು’ ಎಂದರು.

ಈಗ ಆ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ, ಅಮ್ಮನೂ ಇಲ್ಲ. ಕಳೆದ ಜುಲೈಯಲ್ಲಿ ಮಗಳು ಅಜ್ಜಿಯ ಹಾಡು ಕೇಳಿದಳು. ನನಗೆ ‘ಓ ಬೇಲೆ’ ಬಿಟ್ಟು ಏನೂ ನೆನಪಾಗಲಿಲ್ಲ. ಗದಗಿಗೆ ಫೋನ್ ಮಾಡಿದೆ. ‘ತಡಿ, ನೋಟ್‌ಬುಕ್ ಹುಡುಕ್ತೀನಿ’ ಎಂದವನು ಅರ್ಧ ಗಂಟೆ ಬಿಟ್ಟು ಫೋನ್ ಮಾಡಿ ನಾಲ್ಕು ಸಾಲು ಹಾಡಿದ. ತುಳು ಪೂರ್ತಿ ತಪ್ಪು, ರಾಗ ಅಮ್ಮನದೇ. ಮಗಳು ಸ್ಪೀಕರ್ ಆನ್ ಮಾಡಿ, ಕಿಟಕಿ ಮುಚ್ಚಲು ಓಡಿದಳು. ಹೊರಗೆ ಮಳೆ ಜೋರಾಗಿ, ಏನೂ ಕೇಳುತ್ತಿರಲಿಲ್ಲ.