ಜುಮ್ಮಾ ದಿನ ಹೈದರಾಬಾದಿನಲ್ಲಿ

ಪ್ಲಾನ್ ಹಾಕಿದ್ದು ನನ್ನ ಮೈದುನ. ಹೈಟೆಕ್ ಸಿಟಿಯಲ್ಲಿ ಕೆಲಸ, ಎಲ್ಲದಕ್ಕೂ ಒಂದು ಪಟ್ಟಿ ಬೇಕು ಅವನಿಗೆ. ದಸರಾ ರಜೆ ಬರುತ್ತಿದ್ದಂತೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಹತ್ತೂವರೆಗೆ ಸಾಲಾರ್ ಜಂಗ್ ಮ್ಯೂಸಿಯಂ, ಒಂದಕ್ಕೆ ಚೌಮಹಲ್ಲಾ ಅರಮನೆ, ಅಲ್ಲಿಂದ ಚಾರ್‌ಮಿನಾರ್, ಮೂರೂವರೆಗೆ ಗೋಲ್ಕೊಂಡ, ಸಂಜೆ ಹುಸೇನ್ ಸಾಗರದಲ್ಲಿ ಬುದ್ಧನ ಮೂರ್ತಿಯ ತನಕ ಬೋಟು. ಇರಾನಿ ಚಹಾ ಎಲ್ಲಿ ಕುಡಿಯಬೇಕು ಅನ್ನುವುದೂ ಅದರಲ್ಲೇ ಇತ್ತು. ಅವನಿಗೆ ಶುಕ್ರವಾರ ರಜೆ ಸಿಕ್ಕಿತ್ತು, ಹಾಗಾಗಿ ಶುಕ್ರವಾರ ಎಂದಾಯಿತು. ನಾವು ನಾಲ್ಕು ಜನ ಬೀದರಿನಿಂದ ಹೊರಡುವುದು, ಅವನು ಅಲ್ಲಿ ಸೇರಿಕೊಳ್ಳುವುದು.

ಇದನ್ನು ಓದುವ ಬೆಂಗಳೂರು ಕಡೆಯವರಿಗೆ ಒಂದು ಮಾತು ಹೇಳಬೇಕು. ನಮ್ಮ ಬೀದರಿಗೆ ದೊಡ್ಡ ಊರು ಅಂದರೆ ಹೈದರಾಬಾದ್. ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಇದು 140ರ ಆಸುಪಾಸು. 1948ರ ತನಕ ನಿಜಾಮನ ರಾಜ್ಯದಲ್ಲಿದ್ದವರು ನಾವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಕಾಗದಪತ್ರಕ್ಕೆ ಬೆಂಗಳೂರು ಬಂತೇ ಹೊರತು ಕಾಲು ಮಾತ್ರ ಈಗಲೂ ಆ ಕಡೆಗೇ ಹೋಗುತ್ತದೆ. ಮದುವೆ ಸೀರೆಗೆ ಹೈದರಾಬಾದ್, ಮೋಟಾರಿನ ಸಾಮಾನಿಗೆ ಹೈದರಾಬಾದ್, ಎಲ್ಲಕ್ಕಿಂತ ಜಾಸ್ತಿ ದವಾಖಾನೆಗೆ ಹೈದರಾಬಾದ್. ಓಣಿಯಲ್ಲಿ ಯಾರಾದರೂ ಬೆಳಿಗ್ಗೆ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟರೆ "ಯಾರಿಗಿ ಆರಾಮಿಲ್ರಿ?" ಅಂತಲೇ ಕೇಳುತ್ತಾರೆ. ನಮ್ಮ ಮಾವನವರಿಗಂತೂ ಆ ಊರಿನ ನಕ್ಷೆ ಇರುವುದೇ ಹಾಗೆ. ಬಸ್ಸು ಪಟಾನ್‌ಚೆರು ದಾಟಿದರೆ ಸಾಕು, "ಇಲ್ಲೇ ನೋಡ್ ಯವ್ವಾ, ನಿಮ್ಮತ್ತಿಗಿ ಸ್ಕ್ಯಾನ್ ಮಾಡ್ಸಿದ್ದು" ಎಂದು ಶುರು ಮಾಡುತ್ತಾರೆ. ಯಾವ ದವಾಖಾನೆಯ ಕ್ಯಾಂಟೀನಿನಲ್ಲಿ ಅನ್ನ ಚಲೋ, ಎಲ್ಲಿ ರಾತ್ರಿ ಚಾಪೆ ಹಾಸಲು ಬಿಡುತ್ತಾರೆ, ಎಲ್ಲ ಬಾಯಿಪಾಠ. ಆದರೆ ಊರು ನೋಡಬೇಕು ಅಂತಲೇ ಹೋದವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಈ ಸಲ ಮಾವನವರು ತಾವೇ ಮುಂದೆ ನಿಂತು ಒಪ್ಪಿದ್ದಕ್ಕೆ ಕಾರಣ ಸಾಲಾರ್ ಜಂಗ್. ಕಣ್ಣು ಕೈಕೊಡುವ ತನಕ ಬಿದರಿ ಕೆಲಸ ಮಾಡಿದವರು ಅವರು. ಚೌಬಾರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಅರ ಹಿಡಿದು ಉಜ್ಜುವ ಹುಡುಗನಾಗಿ ಸೇರಿ, ಬೆಳ್ಳಿ ಕೂರಿಸುವ ಕೆಲಸಕ್ಕೆ ಬಂದರು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಹೂಬಳ್ಳಿ ಗೀರುತ್ತಾರೆ. ಉಳಿಯಿಂದ ಕೊರೆದ ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿಯಬೇಕು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರು. ಅದು ತಾಗಿದ ಕೂಡಲೇ ಲೋಹ ಅಚ್ಚ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಎಲ್ಲ ಮಣ್ಣೂ ಬರುವುದಿಲ್ಲ ಇದಕ್ಕೆ. ವರ್ಷಾನುಗಟ್ಟಲೆ ಬಿಸಿಲು ಮಳೆ ಬೀಳದ ಜಾಗದ್ದೇ ಆಗಬೇಕು. ಮಾವನವರು ಈಗಲೂ ಕೋಟೆಗೆ ಹೋದರೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ರುಚಿ ನೋಡುತ್ತಾರೆ, ಮೊಮ್ಮಗ ಛೀ ಅನ್ನುತ್ತಾನೆ. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ತಮಗೇ ಬಂದ ಹಾಗೆ ಓಣಿಗೆಲ್ಲ ಪೇಡೆ ಹಂಚಿದ್ದರು.

ಅವರ ಉಸ್ತಾದರು ಹೇಳುತ್ತಿದ್ದರಂತೆ, ಹಳೇ ಕಾಲದ ಅಸಲಿ ಕೆಲಸ ನೋಡಬೇಕಾದರೆ ಬೀದರಿನಲ್ಲಿ ಹುಡುಕಬೇಡ, ಸಾಲಾರ್ ಜಂಗಿಗೆ ಹೋಗು ಎಂದು. ಮಾಡಿದವರು ಇಲ್ಲಿಯವರು, ಕೊಂಡವರು ನವಾಬರು, ಹಾಗಾಗಿ ಮಾಲೆಲ್ಲ ಅಲ್ಲಿ. ಹುಕ್ಕಾದ ಬುಡ, ಪಾನ್‌ದಾನ್, ಸುರಾಹಿ. ಮಾವನವರಿಗೆ ಎಪ್ಪತ್ತು ದಾಟಿತು, ದವಾಖಾನೆಗಳ ನಡುವೆ ಅದೊಂದು ಆಗಿರಲೇ ಇಲ್ಲ. ನನ್ನ ಮಗನಿಗೆ ಬೇಕಾಗಿದ್ದದ್ದು ಅಲ್ಲಿನ ಗಡಿಯಾರ. ಗಂಟೆಗೊಮ್ಮೆ ಗಡ್ಡದ ಗೊಂಬೆಯೊಂದು ಬಾಗಿಲು ತೆಗೆದು ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಅದನ್ನು ನೋಡಲು ಜನ ಸಿನಿಮಾಕ್ಕೆ ಕೂತ ಹಾಗೆ ಸಾಲಾಗಿ ಕೂತಿರುತ್ತಾರೆ ಎಂದು ಅವನ ಕಾಕಾ ಆಸೆ ಹುಟ್ಟಿಸಿದ್ದ.

ನಸುಕಿನಲ್ಲೇ ಬಸ್ಸು ಹತ್ತಿದೆವು. ಜಹೀರಾಬಾದ್, ಸದಾಶಿವಪೇಟೆ, ಸಂಗಾರೆಡ್ಡಿ. ಹಬ್ಬದ ಗದ್ದಲಕ್ಕೆ ಬಸ್ಸು ತುಂಬಿತ್ತು. ಊರೊಳಗಿನ ಟ್ರಾಫಿಕ್ಕಿನ ಬಗ್ಗೆ ಹೇಳುವುದೇ ಬೇಡ. ಇಮ್ಲಿಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹನ್ನೊಂದು ಹೊಡೆದಿತ್ತು. ಪಟ್ಟಿಗಿಂತ ಅರ್ಧ ತಾಸು ತಡ ಅಷ್ಟೇ, ಪರವಾಗಿಲ್ಲ ಅಂದುಕೊಂಡೆವು. ಆಟೋದವನು ಮೂಸಿ ನದಿ ದಾಟಿಸಿ ಮ್ಯೂಸಿಯಂ ಗೇಟಿನ ಮುಂದೆ ಇಳಿಸಿದ. ದುಡ್ಡು ಎಣಿಸಿಕೊಂಡು ಜೇಬಿಗಿಟ್ಟ ಮೇಲೆ ಹೇಳಿದ: "ಆಜ್ ಜುಮ್ಮಾ ಹೈ ನಾ ಅಮ್ಮಾ, ಬಂದ್ ರಹತಾ."

"ಮೊದಲೇ ಯಾಕ ಹೇಳಲಿಲ್ಲಪಾ?" ಎಂದು ನಮ್ಮ ಮನೆಯವರು ರೇಗಿದರು.

"ಆಪ್ ಪೂಛೇ ಕ್ಯಾ?" ಅಂದ. ಕೇಳಿರಲಿಲ್ಲ, ನಿಜ.

ಸಾಲಾರ್ ಜಂಗಿಗೆ ವಾರದ ರಜೆ ಶುಕ್ರವಾರ. ಮಾವನವರು ಸುಮ್ನೆ ಬಿಡುವವರಲ್ಲ. ಗೇಟಿನ ಕಾವಲಿನವನ ಹತ್ತಿರ ಹೋಗಿ ತಮ್ಮ ದಖ್ಖನಿಯಲ್ಲಿ ಮಾತಿಗಿಳಿದರು. ಬೀದರಿನಿಂದ ಬಂದಿದ್ದೇವೆ, ನಾನೂ ಬಿದರಿ ಕೆಲಸದವನೇ, ಅದೊಂದೇ ಕೋಣೆ ನೋಡಿ ಬರುತ್ತೇನೆ. ಅವನು ಬಹಳ ಮರ್ಯಾದೆಯಿಂದಲೇ ಕೇಳಿಸಿಕೊಂಡು, "ಚಾಚಾ, ಚಾಬಿ ಮೇರೇ ಕನೇ ನೈ" ಅಂದ. ಆಮೇಲೆ ಕೂರಲು ತನ್ನ ಕುರ್ಚಿ ಬಿಟ್ಟುಕೊಟ್ಟ. ಮಾವನವರು ಆ ಕುರ್ಚಿಯಲ್ಲಿ ಕೂತು ಮುಚ್ಚಿದ ಗೇಟಿಗೆ ಬೆನ್ನು ಹಾಕಿ ಬೀಡಿ ಹಚ್ಚಿದರು.

ಮೈದುನನಿಗೆ ಫೋನ್ ಮಾಡಿದರೆ ಅಲ್ಲಿ ಇನ್ನೊಂದು ಕಥೆ. "ವೈನಿ, ಆಫೀಸಿನಾಗ ಏನೋ ಗಂಟು ಬಿದ್ದದ, ರಜಾ ಕ್ಯಾನ್ಸಲ್ ಆತು. ನಾ ಸಂಜೀಕ್ ಬರ್ತೀನಿ. ನೀವು ಚೌಮಹಲ್ಲಾ ನೋಡಿಬಿಡ್ರಿ, ಅಲ್ಲೇ ಹತ್ರಾನೇ ಅದ." ಮತ್ತೊಂದು ಆಟೋ. ಈ ಸಲ ಹತ್ತುವ ಮೊದಲೇ ಕೇಳಿದೆ. ಚೌಮಹಲ್ಲಾಕ್ಕೂ ಶುಕ್ರವಾರವೇ ರಜೆಯಂತೆ.

ಅಲ್ಲಿಗೆ ಪಟ್ಟಿಯ ಮೊದಲರ್ಧ ಮುಗಿಯಿತು. ಗಂಟೆ ಇನ್ನೂ ಹನ್ನೆರಡಾಗಿರಲಿಲ್ಲ. ಮಗನ ಮುಖ ನೋಡುವ ಹಾಗಿರಲಿಲ್ಲ. ಫುಟ್‌ಪಾತಿನ ಗೋಡೆಯ ನೆರಳಿನಲ್ಲೇ ಬುತ್ತಿ ಬಿಚ್ಚಿದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ನಮ್ಮ ಮನೆಯವರಿಗೆ ನಾಚಿಕೆ, ಯಾರಾದರೂ ನೋಡುತ್ತಾರೆ ಎಂದು. ಅಷ್ಟು ಜನರ ಊರಿನಲ್ಲಿ ನಮ್ಮನ್ನು ನೋಡಲು ಯಾರಿಗೆ ಪುರುಸೊತ್ತು?

ಚಾರ್‌ಮಿನಾರ್ ತಲುಪುವ ಹೊತ್ತಿಗೆ ಮಕ್ಕಾ ಮಸೀದಿಯ ಜುಮ್ಮಾ ನಮಾಜಿಗೆ ಜನ ಸೇರುತ್ತಿದ್ದರು. ದಾರಿಯುದ್ದಕ್ಕೂ ಬಿಳಿ ಬಟ್ಟೆ, ಅತ್ತರಿನ ವಾಸನೆ. ಪೊಲೀಸರು ಗಾಡಿಗಳನ್ನು ತಿರುಗಿಸುತ್ತಿದ್ದರು. ಮೇಲೆ ಹತ್ತಿ ನೋಡುವುದು ಆಮೇಲೆ ಆಗಲಿ ಎಂದು ಒಂದು ಚಹಾದ ಅಂಗಡಿಯ ಪಕ್ಕ ನಿಂತೆವು. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾ ಕಟ್ಟಿಸಿದ್ದು ಎಂದು ಮಗ ಪಾಠ ಒಪ್ಪಿಸಿದ. ಮಾವನವರು ಅದಕ್ಕೊಂದು ಸೇರಿಸಿದರು. ಈ ಕುತುಬ್ ಶಾಹಿಗಳ ಮೂಲಪುರುಷ ಸುಲ್ತಾನ್ ಕುಲಿ ನಮ್ಮ ಬಹಮನಿ ಸುಲ್ತಾನರ ಕೈಕೆಳಗೆ ಸುಬೇದಾರನಾಗಿದ್ದವನು, ಬೀದರ್ ದರ್ಬಾರಿಗೆ ತಲೆ ಬಾಗಿಸುತ್ತಿದ್ದವನು. "ನಮ್ಮ ಕೋಟಿ ಮುಂದ ಇದೆಲ್ಲ ನಿನ್ನೆ ಮೊನ್ನೀದು" ಅಂದರು. ಮ್ಯೂಸಿಯಂ ಬಾಗಿಲು ಹಾಕಿದ್ದರ ಸಿಟ್ಟು ಚಾರ್‌ಮಿನಾರಿನ ಮೇಲೆ ತಿರುಗಿತ್ತು.

ಲಾಡ್ ಬಜಾರಿನಲ್ಲಿ ನನ್ನ ಹೊತ್ತು ಚೆನ್ನಾಗಿಯೇ ಹೋಯಿತು. ಅರಗಿನ ಬಳೆ ಅಲ್ಲಿನ ಹೆಸರುವಾಸಿ ಮಾಲು. ನನ್ನ ಕೈಗೆ ಬಿಗಿಯಾಗುತ್ತಿದ್ದ ಬಳೆಯನ್ನು ಅಂಗಡಿಯ ಹುಡುಗ ಕೆಂಡದ ಮೇಲೆ ಹಿಡಿದು ಮೆತ್ತಗಾಗಿಸಿ, ದಪ್ಪ ಕೋಲಿಗೆ ತೂರಿಸಿ ಅಳತೆ ಹಿಗ್ಗಿಸಿ ಕೊಟ್ಟ. ಒಂದು ಹರಳೂ ಉದುರಲಿಲ್ಲ. ರೇಟು ಅರ್ಧಕ್ಕಿಳಿಸಿದೆ ಎಂದು ಹಿಗ್ಗುತ್ತಾ ತಿರುಗಿದರೆ ಮಾವನವರು ಕಾಣೆ.

ಹತ್ತು ನಿಮಿಷ ಜೀವ ಹೋದಂತಾಯಿತು. ಫೋನು ನನ್ನ ಬ್ಯಾಗಿನಲ್ಲೇ ಇತ್ತು, ಜೇಬಿನಿಂದ ಬೀಳುತ್ತದೆ ಎಂದು ಬೆಳಿಗ್ಗೆ ಅವರೇ ಕೊಟ್ಟಿದ್ದರು. ನಮ್ಮ ಮನೆಯವರು ಒಂದು ಕಡೆ, ನಾನು ಮಗನ ಕೈ ಹಿಡಿದು ಇನ್ನೊಂದು ಕಡೆ ಓಡಿದೆವು. ಕೊನೆಗೆ ಕಂಡಿದ್ದು ಮಗನಿಗೆ. ಪತ್ಥರ್‌ಗಟ್ಟಿಯ ಕಡೆ ಹೋಗುವ ದಾರಿಯಲ್ಲಿ ಒಂದು ಹಳೇ ಸಾಮಾನಿನ ಅಂಗಡಿ. ಒಳಗೆ ಸ್ಟೂಲಿನ ಮೇಲೆ ಕೂತ ಮುತ್ಯಾ, ಎದುರಿಗೆ ಅಂಗಡಿಯ ಯಜಮಾನ, ನಡುವೆ ಚಹಾದ ಕಪ್ಪು ಸಾಸರು.

ಕಪಾಟಿನಲ್ಲಿ ಬಿದರಿ ಆನೆ, ಹೂದಾನಿ, ಪೆನ್ನಿನ ಸ್ಟ್ಯಾಂಡು ಕಂಡು ಒಳಗೆ ನುಗ್ಗಿದ್ದರಂತೆ. ಯಜಮಾನ "ಹೈದರಾಬಾದ್ ಕಾ ಸ್ಪೆಷಲ್" ಅಂದದ್ದೇ ತಡ, ಮಾವನವರು ಒಂದು ಡಬ್ಬಿ ತೆಗೆದು, ತಿರುವಿ, ಉಗುರಿನಿಂದ ಬಡಿದು, ಬೆರಳಿಗೆ ಎಂಜಲು ಹಚ್ಚಿ ಉಜ್ಜಿ, ಇದು ಬಣ್ಣ ಬಳಿದದ್ದು, ಕೋಟೆ ಮಣ್ಣಿನದಲ್ಲ ಅಂದುಬಿಟ್ಟಿದ್ದಾರೆ. ಜಗಳ ಆಗಬೇಕಿತ್ತು. ಆದರೆ ಆ ಮನುಷ್ಯ ನಕ್ಕು, ಒಳಗಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಪಾನ್‌ದಾನಿನ ಮುಚ್ಚಳ ತಂದು ಅವರ ಕೈಗೆ ಕೊಟ್ಟು, ಹಾಗಾದರೆ ಇದು ಹೇಳಿ ಎಂದನಂತೆ. ನಾವು ಹೋದಾಗ ಅವರು ಅದೇ ಮುಚ್ಚಳವನ್ನು ಅಂಗಡಿಯವನ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ನಮ್ಮ ಕಡೆ ತಲೆಯೆತ್ತಲೂ ಇಲ್ಲ.

"ಇದು ತಾರ್‌ಕಶಿ ಅಲ್ಲ, ತೈನಿಶಾನ್. ತಂತಿ ಅಲ್ಲ ಯವ್ವಾ, ಬೆಳ್ಳಿ ತಗಡು ಕತ್ತರಿಸಿ ಕೂಡಿಸ್ಯಾರ" ಅಂದರು. ಮುಚ್ಚಳ ನನ್ನ ಕೈಗೆ ಬಂತು. ಸಣ್ಣದಾದರೂ ಒಳ್ಳೆಯ ತೂಕ. ಗಸಗಸೆ ಹೂವಿನ ಬಳ್ಳಿ, ಒಂದೆರಡು ಕಡೆ ಬೆಳ್ಳಿ ಹೋಗಿ ಬರೀ ಗುಂಡಿ ಉಳಿದಿತ್ತು. ನನ್ನ ಕಣ್ಣಿಗೆ ಬಹಳ ಚೆಂದ ಕಂಡಿತು. ಹಾಗೇ ಅಂದೆ.

"ಚೆಂದ ಅದ. ಆದ್ರ ಈ ಎಲಿ ನೋಡು, ತುದ್ಯಾಗ ಎದ್ದದ. ಕೊರೆಯೋವಾಗ ಅಂಚು ಸರಿ ಕೊಟ್ಟಿಲ್ಲ. ಸಂಜೀ ಮುಂದ ಮಾಡಿರಬೇಕು, ಮನಿಗಿ ಹೋಗೋ ಗಡಿಬಿಡ್ಯಾಗ."

ಯಾವ ಕಾಲದ ಕೆಲಸಗಾರನೋ ಏನೋ, ಜೊತೆಯಲ್ಲಿ ಕೂತು ಕೆಲಸ ಮಾಡುವವನನ್ನು ಬೈದ ಹಾಗೆ ಬೈದರು. ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ಖುಷಿಯಾದೆ. ಮ್ಯೂಸಿಯಂ ತಪ್ಪಿದರೂ ಮಾವನವರಿಗೆ ಸಮಾಧಾನವಾಯಿತಲ್ಲ ಎಂದು ಹೊರಗೆ ಬಂದ ಮೇಲೆ ಹೇಳಿದೆ ಕೂಡ. ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಒಂದು ಮುಚ್ಚಳ ನೋಡ್ಲಿಕ್ಕ ಇಷ್ಟು ದೂರ ಬಂದೀನೇನು?"

ಗೋಲ್ಕೊಂಡ ತಾನಾಗಿಯೇ ಬಿಟ್ಟುಹೋಯಿತು. ಗಂಟೆ ನಾಲ್ಕಾಗಿತ್ತು, ಮಾವನವರ ಮಂಡಿಗೆ ಬಾಲಾ ಹಿಸಾರದ ತನಕ ಹತ್ತುವುದು ಆಗುವ ಮಾತಲ್ಲ. ಕೆಳಗಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಮೇಲೆ ಕೇಳಿಸುತ್ತದೆ ಅನ್ನುವುದನ್ನು ಮಗ ಬೀದರ್ ಕೋಟೆಯಲ್ಲೇ ಪರೀಕ್ಷೆ ಮಾಡುತ್ತಾನಂತೆ. ಮಾಡಲಿ.

ಹುಸೇನ್ ಸಾಗರಕ್ಕೆ ಬಂದರೆ ಮಳೆ. ಹನಿ ಅಲ್ಲ, ಧೋ ಎನ್ನುವ ಮಳೆ. ಬೋಟು ನಿಲ್ಲಿಸಿಬಿಟ್ಟರು. ಲುಂಬಿನಿ ಪಾರ್ಕಿನ ಒಂದು ಸೂರಿನ ಕೆಳಗೆ ನೂರಾರು ಜನರ ಜೊತೆ ನಿಂತು ದೂರದಿಂದಲೇ ಬುದ್ಧನನ್ನು ನೋಡಿದ್ದಾಯಿತು. ಒಂದೇ ಕಲ್ಲಿನ ಮೂರ್ತಿ. 1990ರಲ್ಲಿ ಅದನ್ನು ಕೆರೆ ನಡುವಿಗೆ ಸಾಗಿಸುವಾಗ ಹೊತ್ತೊಯ್ಯುತ್ತಿದ್ದ ದೋಣಿಯೇ ವಾಲಿ ಮೂರ್ತಿ ನೀರಿಗೆ ಬಿತ್ತು, ಜನರ ಜೀವವೂ ಹೋಯಿತು. ಎತ್ತಿ ನಿಲ್ಲಿಸಿದ್ದು 1992ರಲ್ಲಿ. ಮಗ ಮುನಿಸಿಕೊಂಡು ಗಡಿಯಾರವೂ ಇಲ್ಲ, ಬೋಟೂ ಇಲ್ಲ ಎಂದು ಶುರು ಮಾಡಿದಾಗ ಮಾವನವರು ಬುದ್ಧನ ಕಡೆ ಕೈ ತೋರಿಸಿದರು. "ಅಂವಾ ಎರಡ್ ವರ್ಷ ಕೆರಿ ತಳದಾಗ ಮಲಗಿದ್ದ. ನೀ ಒಂದ್ ತಾಸು ನಿಂದ್ರು."

ಮೈದುನ ಬಂದಾಗ ಏಳಾಗಿತ್ತು. ಪಂಜಗುಟ್ಟದ ಟ್ರಾಫಿಕ್ಕಿನಲ್ಲಿ ಸಿಕ್ಕು, ನೆನೆದು ತೊಪ್ಪೆಯಾಗಿದ್ದ. ಬೈಯಬೇಕು ಎಂದು ಇಡೀ ದಿನ ಮಾತು ಕೂಡಿಸಿಟ್ಟಿದ್ದೆ, ಆ ಅವತಾರ ನೋಡಿ ಬಾಯಿ ಬರಲಿಲ್ಲ. ಪಟ್ಟಿಯಲ್ಲಿ ಬರೆದ ಹಾಗೇ ನಡೆದದ್ದು ಇರಾನಿ ಚಹಾ ಒಂದೇ. ಉಸ್ಮಾನಿಯಾ ಬಿಸ್ಕತ್ತು ಅದ್ದಿಕೊಂಡು ಎಲ್ಲರೂ ಕುಡಿದೆವು, ಮಾವನವರು ಎರಡು ಸಲ.

ಅಲ್ಲೇ ಮುಂದಿನ ಮಾತು ಶುರುವಾಯಿತು. ಮುಂದಿನ ತಿಂಗಳು ಮಾವನವರ ಕಣ್ಣು ತೋರಿಸಲು ಹೇಗೂ ಬರಬೇಕು, ಆ ದಿನವೇ ಮ್ಯೂಸಿಯಂ ಮುಗಿಸೋಣ ಎಂದು ಮೈದುನ ಫೋನು ತೆಗೆದು ಹೊಸ ಪಟ್ಟಿ ಬರೆಯತೊಡಗಿದ. ಶನಿವಾರ, ಬೆಳಿಗ್ಗೆ ಹತ್ತಕ್ಕೆ ಕಣ್ಣಿನ ದವಾಖಾನೆ, ಹನ್ನೆರಡಕ್ಕೆ ಸಾಲಾರ್ ಜಂಗ್.

"ಏ ತಮ್ಮಾ," ಮಾವನವರು ಸಾಸರು ಕೆಳಗಿಟ್ಟರು. "ಕಣ್ಣಿಗಿ ಔಷಧ ಬಿಟ್ಟ ಮ್ಯಾಲ ಸಂಜೀತನಕ ಎಲ್ಲಾ ಮಬ್ಬು ಮಬ್ಬು. ಅದ್ಯಾಂಗ್ ನೋಡ್ಲಿ? ಮೊದ್ಲು ಮ್ಯೂಸಿಯಂ ಬರಿ."

ಮೈದುನ ಅಳಿಸಿ ಮತ್ತೆ ಬರೆದ.