ಸ್ಕ್ಯಾನ್‌ನಲ್ಲಿ ಕಾಣದ್ದು ಟೇಬಲ್ ಇಳಿಯುವಾಗ ಕಂಡಿತ್ತು

ರಾತ್ರಿ ಎರಡೂವರೆಗೆ ಕ್ಯಾಶುವಾಲ್ಟಿಯಿಂದ ಪ್ಲೇನ್ ಸಿಟಿ ಬ್ರೈನ್‌ಗೆ, ಅಂದರೆ ಕಾಂಟ್ರಾಸ್ಟ್ ಔಷಧಿ ಕೊಡದೆ ಮಾಡುವ ಮೆದುಳಿನ ಸ್ಕ್ಯಾನ್‌ಗೆ, ಒಬ್ಬರನ್ನು ನಾನು ಟೆಕ್ನಿಷಿಯನ್ ಆಗಿರುವ ಸ್ಕ್ಯಾನ್ ರೂಮಿಗೆ ಕಳಿಸಿದರು. ಐವತ್ತು ದಾಟಿದವರು. ಸಂಜೆಯಿಂದ ವಾಂತಿ, ತಲೆಸುತ್ತು. ಚೀಟಿಯಲ್ಲಿ ಬರೆದಿದ್ದು ಒಂದೇ ಪದ, ಗಿಡ್ಡಿನೆಸ್. ನಮ್ಮಲ್ಲಿ ಯಾವ ಚೀಟಿ ನೋಡಿದರೂ ಹೀಗೇ. ಹಿಸ್ಟರಿ ಬರೆಯಲು ಯಾರಿಗೂ ಪುರುಸೊತ್ತಿಲ್ಲ.

ಜಾಗ ಗುರುತಿಸುವ ಮೊದಲ ಚಿತ್ರ, ಸ್ಕೌಟ್, ತೆಗೆದೆ, ಸ್ಕ್ಯಾನ್ ಮುಗಿಸಿದೆ. ಹೊಸ ರಕ್ತಸ್ರಾವ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ; ಎಲ್ಲೂ ಅಂಥ ಬಿಳಿ ಇಲ್ಲ, ಬ್ಲೀಡ್ ಇಲ್ಲ. ಮೆದುಳಿನ ನಡುಗೆರೆ, ಮಿಡ್‌ಲೈನ್, ನೆಟ್ಟಗಿದೆ. ಕೆಳಗಿನ ಸ್ಲೈಸ್‌ಗಳಲ್ಲಿ ಮಾತ್ರ ಎರಡೂ ಕಿವಿಯ ದಪ್ಪ ಮೂಳೆಗಳ ನಡುವೆ ಕಪ್ಪು ಪಟ್ಟಿ. ಆರ್ಟಿಫ್ಯಾಕ್ಟ್, ಅಂದರೆ ದಪ್ಪ ಮೂಳೆಯಿಂದಾಗಿ ಚಿತ್ರದಲ್ಲಿ ಮೂಡುವ ಸುಳ್ಳು ಗುರುತು, ದಿನಾ ನೋಡುವುದೇ. ಕಿರುಮೆದುಳು ಇರುವುದೂ ಅಲ್ಲೇ ಅಂತ ಗೊತ್ತಿದ್ದೂ ಸ್ಕ್ರೋಲ್ ಮಾಡಿ ಮೇಲಕ್ಕೆ ಹೋದೆ. ಬಾಗಿಲಲ್ಲಿ ನಿಂತಿದ್ದ ಮಗ "ಏನಾದ್ರೂ ಇದೆಯಾ ಸಾರ್?" ಅಂದ. "ಏನಿಲ್ಲಪ್ಪ, ನಾರ್ಮಲ್" ಅಂದುಬಿಟ್ಟೆ. ಟೆಕ್ನಿಷಿಯನ್ ಆಡಬೇಕಾದ ಮಾತಲ್ಲ ಅದು.

ಆಮೇಲಿನ ಎರಡು ನಿಮಿಷ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಟೇಬಲ್‌ನಿಂದ ಕಾಲು ಇಳಿಬಿಟ್ಟು, ಸ್ಟ್ರೆಚರ್ ಕಂಬಿ ಹಿಡಿಯಲು ಎಡಗೈ ಚಾಚಿದರು. ಕೈ ಕಂಬಿಯನ್ನು ದಾಟಿ ಹೋಯಿತು. ಮತ್ತೆ ಚಾಚಿದರು, ಈ ಸಲ ಇತ್ತಲೇ ನಿಂತಿತು. ಎದ್ದು ನಿಂತವರು ಎಡಕ್ಕೆ ವಾಲಿ ನನ್ನ ಭುಜ ಹಿಡಿದರು. ಹಿಡಿತ ಬಿಗಿಯಾಗಿಯೇ ಇತ್ತು. ವಾಂತಿಯ ಸುಸ್ತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಹಿರಿಮೆದುಳಿನ ಬಲಗಡೆ ಪೆಟ್ಟಾದರೆ ಎಡಗೈ ಸೋಲುತ್ತದೆ. ಕಿರುಮೆದುಳು ಹಾಗಲ್ಲ. ಎಡಗಡೆ ಪೆಟ್ಟಾದರೆ ಎಡಗೈಯೇ ಗುರಿ ತಪ್ಪುತ್ತದೆ, ಕೈಯಲ್ಲಿ ಶಕ್ತಿ ಇದ್ದರೂ. ಗಾತ್ರದಲ್ಲಿ ಮೆದುಳಿನ ಸುಮಾರು ಹತ್ತನೇ ಒಂದು ಪಾಲು ಅಷ್ಟೇ. ಆದರೆ ಒಟ್ಟು 8,600 ಕೋಟಿಯಷ್ಟು ನರಕೋಶಗಳಲ್ಲಿ ಹತ್ತಿರಹತ್ತಿರ 6,900 ಕೋಟಿ ಅಲ್ಲೇ ಇವೆ. ಇದನ್ನೆಲ್ಲ ಡಿಪ್ಲೊಮಾದಲ್ಲಿ ಓದಿ, ಚಿತ್ರ ಬರೆದು, ಮಾರ್ಕ್ಸ್ ತಗೊಂಡಿದ್ದೆ.

ದೂರದಿಂದ ಚಿತ್ರ ನೋಡಿ ಡಾಕ್ಟರು ಕಳಿಸುವ ಟೆಲಿ ರಿಪೋರ್ಟ್‌ನಲ್ಲೂ ಬ್ಲೀಡ್ ಇಲ್ಲ ಅಂತಲೇ ಬಂತು. ಕಿವಿಯ ತೊಂದರೆಯಿಂದ ಬಂದ ತಲೆಸುತ್ತು ಅಂತ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮೂರನೇ ದಿನ ಮಂಪರಿನಲ್ಲಿ ವಾಪಸ್ ಬಂದರು. ಹೊಸ ಸ್ಟ್ರೋಕ್ ತೋರಿಸುವ ಎಂಆರ್‌ಐ ಡಿಫ್ಯೂಷನ್ ಚಿತ್ರದಲ್ಲಿ ಎಡ ಕಿರುಮೆದುಳು ಬೆಳ್ಳಗೆ ಹೊಳೆಯುತ್ತಿತ್ತು. ಸ್ಟ್ರೋಕ್. ಅದು ಊದಿಕೊಂಡು, ಮುಂದಿರುವ ನೀರು ತುಂಬಿದ ಕೋಣೆಯಾದ ನಾಲ್ಕನೇ ವೆಂಟ್ರಿಕಲ್ ಒತ್ತಿ, ಮೆದುಳಿನ ನೀರು ಇಳಿಯುವ ದಾರಿಯನ್ನೇ ಮುಚ್ಚಿತ್ತು. ಅದಕ್ಕೂ ಮುಂದೆ ಇರುವುದು ಉಸಿರು ನಡೆಸುವ ಮೆದುಳಿನ ಕಾಂಡ. ಹಿಂದಲೆಯ ಮೂಳೆ ತೆಗೆದು ಜಾಗ ಮಾಡಿಕೊಟ್ಟರು. ಬದುಕಿದರು.

ಶುರುವಿನ ಗಂಟೆಗಳಲ್ಲಿ ಇಂಥ ಸ್ಟ್ರೋಕ್ ಪ್ಲೇನ್ ಸಿಟಿಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ನಿಜ. ಆದರೆ ಎಲ್ಲೋ ಕೂತು ರಿಪೋರ್ಟ್ ಬರೆಯುವವರಿಗೆ ಸಿಗುವುದು ಚಿತ್ರ ಮಾತ್ರ. ಆ ರೋಗಿ ಟೇಬಲ್ ಇಳಿದದ್ದನ್ನು ನೋಡಿದವನು ನಾನೊಬ್ಬನೇ ಅಲ್ವಾ. ಈಗ ಯಾರು ಯಾವ ಕಡೆ ವಾಲಿದರು, ಯಾವ ಕೈ ತಪ್ಪಿತು ಅಂತ ಚೀಟಿಯ ಹಿಂದೆ ಬರೆದು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತೇನೆ, ಬೈದರೂ ಸರಿ.